ಹದಿನಾಲ್ಕು ಕಿಲೋ ಬೆಲ್ಲದ ಕೂಸು

ಅಂದು ಭಾನುವಾರ. ಬಾಗೇವಾಡಿಯ ನನ್ನ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದೆವು. ಗೋಡೆಗೆ ಒರಗಿ ನಾನು, ಮೂವತ್ನಾಲ್ಕು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ಸಿಸ್ಟರ್ ಆಗಿದ್ದು ಮೂರು ವರ್ಷದ ಹಿಂದೆ ನಿವೃತ್ತಿಯಾಗಿ ಮನೆಗೆ ಬಂದವಳು. ನನ್ನ ಎದುರು ಹುಸೇನಬಿ. ಬಹಳ ವರ್ಷ ನನ್ನ ವಾರ್ಡಿನಲ್ಲೇ ಆಯಾ ಆಗಿದ್ದವಳು, ಈಗ ಎರಡು ಮನೆ ಆಚೆ ಇದ್ದಾಳೆ. ಬಾಗಿಲ ಬಳಿ ಕುರ್ಚಿಯಲ್ಲಿ ನನ್ನ ತಮ್ಮ ಮಲ್ಲಣ್ಣ. ಮನಗೂಳಿಯಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು. ಕಂಬದ ಹಿಂದೆ, ಮುಖ ಅರ್ಧ ಮಾತ್ರ ಕಾಣುವ ಹಾಗೆ, ಅವನ ಮಗಳು ಪೂಜಾ. ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದಳು.

ನಡುವೆ ನೆಲದ ಮೇಲೆ ಒಂದು ತಾಟು ಚುರುಮುರಿ, ಪಕ್ಕದಲ್ಲಿ ಒಂದು ಉತ್ತರ ಪತ್ರಿಕೆ. ಚುರುಮುರಿಗೆ ಯಾರೂ ಕೈ ಹಾಕಿರಲಿಲ್ಲ ಎಂದರೆ ವಿಷಯ ಎಷ್ಟು ಗಂಭೀರ ಎಂದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ.

ಪತ್ರಿಕೆ ಔಷಧದ ಅಳತೆಯ ಲೆಕ್ಕದ್ದು. ಹತ್ತು ಪ್ರಶ್ನೆ, ಒಂಬತ್ತು ಸರಿಯಿದ್ದರೆ ಪಾಸು. ಪೂಜಾ ಮೊದಲ ಸಲ ನಾಲ್ಕು ಸರಿ ಮಾಡಿದ್ದಳು, ಎರಡನೆಯ ಸಲ ಐದು. ಪ್ರಗತಿ ಇಲ್ಲವೆಂದು ಯಾರೂ ಅನ್ನುವಂತಿಲ್ಲ. ಇದೇ ವೇಗದಲ್ಲಿ ಹೋದರೆ ಇನ್ನು ನಾಲ್ಕೇ ಪರೀಕ್ಷೆಗೆ ಗೆದ್ದುಬಿಡುತ್ತಿದ್ದಳು. ಆದರೆ ಕಾಲೇಜಿನವರು ಇನ್ನೊಂದೇ ಅವಕಾಶ ಕೊಟ್ಟಿದ್ದರು, ಬರುವ ಗುರುವಾರ. ಅದರಲ್ಲೂ ಬಿದ್ದರೆ ಅವಳನ್ನು ವಾರ್ಡಿಗೆ ಕಳಿಸುವುದಿಲ್ಲ. ವಾರ್ಡಿಗೆ ಹೋಗದಿದ್ದರೆ ಆ ವರ್ಷ ಹೋಯಿತು. ವರ್ಷ ಹೋದರೆ ಬಿಡಿಸಿ ಅಂಗಡಿಯಲ್ಲಿ ಕೂಡಿಸುತ್ತೇನೆ ಎಂದು ಮಲ್ಲಣ್ಣ ಬಸ್ಸಿನಲ್ಲೇ ತೀರ್ಪು ಕೊಟ್ಟು ಬಂದಿದ್ದ.

“ಅಕ್ಕಾ, ನೀನ ಹೇಳು. ಸೂಜಿ ಚುಚ್ಚಾಕ ಗಣಿತ ಯಾಕ ಬೇಕು? ಡಾಕ್ಟರ್ ಬರದದ್ದು ಕೊಟ್ರ ಮುಗೀತಲ್ಲ” ಎಂದ.

ಇದನ್ನು ಹೇಳಿದವನು ಯಾರು ನೋಡಿ. ಮೋಟರಿನ ಒಂದೊಂದು ಸುರುಳಿಗೂ ಇಷ್ಟೇ ಸುತ್ತು ಎಂದು ಬೆಳಗಿನಿಂದ ಸಂಜೆತನಕ ಎಣಿಸುವವನು. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿತೆಂದು ಪೂರಾ ಬಿಚ್ಚಿ ಮೊದಲಿನಿಂದ ಸುತ್ತುವವನು. ಮೋಟರಿಗೆ ಎಣಿಕೆ ಬೇಕು, ಮನುಷ್ಯರಿಗೆ ಬೇಡ. ಮೋಟರ್ ಸುಟ್ಟರೆ ಗಿರಾಕಿ ವಾಪಸು ಬಂದು ಬೈಯುತ್ತಾನೆ, ನಮ್ಮ ಗಿರಾಕಿ ವಾಪಸು ಬರುವುದಿಲ್ಲವಲ್ಲ.

ಕಂಬದ ಹಿಂದಿನಿಂದ ಪೂಜಾ ಅಂದಳು: “ಲೆಕ್ಕ ಬ್ಯಾಡಂತನ ನರ್ಸಿಂಗ್ ತಗೊಂಡೇನ್ರಿ ಅತ್ತಿ.”

ನನಗೆ ನಗು ಬಂತು. ಇದೇ ಮಾತನ್ನು ಇವಳ ವಯಸ್ಸಿನಲ್ಲಿ ನಾನು ನನ್ನ ಅಜ್ಜನಿಗೆ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾನಿಗೆ, ಹೇಳಿದ್ದೆ. ನಗುತ್ತಲೇ ಪತ್ರಿಕೆ ಎತ್ತಿಕೊಂಡೆ. ಮೂರನೆಯ ಪ್ರಶ್ನೆ: ಡಾಕ್ಟರು ಅರ್ಧ ಗ್ರಾಂ ಬರೆದಿದ್ದಾರೆ, ಗುಳಿಗೆ ಇನ್ನೂರೈವತ್ತು ಮಿಲಿಗ್ರಾಮಿನದು, ಎಷ್ಟು ಕೊಡಬೇಕು? ಪೂಜಾಳ ಉತ್ತರ, ಚೆಂದದ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು: ಇಪ್ಪತ್ತು ಗುಳಿಗೆ. ಅರ್ಧ ಗ್ರಾಮನ್ನು ಐದು ಸಾವಿರ ಮಿಲಿಗ್ರಾಂ ಮಾಡಿದ್ದಳು. ಒಂದು ಸೊನ್ನೆಯ ಔದಾರ್ಯ. ನಾನು ಗಟ್ಟಿಯಾಗಿ ಓದಿದೆ.

ಹುಸೇನಬಿ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಒಂದು ಗಳಿಗೆ ಯೋಚಿಸಿ, “ಇಪ್ಪತ್ತ ಗುಳಿಗಿ ನುಂಗಿದ ಮ್ಯಾಲ ನೀರ ಕುಡಿಯಾಕ ಹೊಟ್ಯಾಗ ಜಾಗಾ ಎಲ್ಲಿರ್ತೈತವಾ?” ಎಂದು ಕೇಳಿದಳು.

ಪೂಜಾ ಕಂಬದ ಹಿಂದೆ ಪೂರಾ ಮರೆಯಾದಳು.

ಈ ಹುಡುಗಿಯನ್ನು ನಾನು ಬಲ್ಲೆ. ನನ್ನ ತಾಯಿ ಕೊನೆಯ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಾಗ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಒಂದು ಹುಣ್ಣು ಏಳದಂತೆ ನೋಡಿಕೊಂಡವಳು ಇವಳು. ಆಗ ಒಂಬತ್ತನೆಯ ತರಗತಿ. ಯಾರೂ ಹೇಳಿಕೊಟ್ಟಿರಲಿಲ್ಲ. ಅಂಥ ಕೈಯನ್ನು ಒಂದು ಸೊನ್ನೆಗೋಸ್ಕರ ಅಂಗಡಿಯಲ್ಲಿ ಕೂಡಿಸುವುದೆಂದರೆ ನನಗೆ ತಡೆಯಲಿಲ್ಲ. “ಗುರುವಾರದತನಾ ಇಲ್ಲೇ ಇರಲಿ” ಎಂದೆ. ಮಲ್ಲಣ್ಣ ಚುರುಮುರಿ ತಾಟನ್ನು ತನ್ನ ಕಡೆ ಎಳೆದುಕೊಂಡ. ನಮ್ಮ ಮನೆತನದಲ್ಲಿ ಅದು ಒಪ್ಪಿಗೆ.

ಆ ನಾಲ್ಕು ದಿನ ಪೂಜಾಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೆ. ನನ್ನ ಬಡ್ತಿಯ ಬಗ್ಗೆ ಬರೆಯಲು ಏನೂ ಇಲ್ಲ. ಸ್ಟಾಫ್ ನರ್ಸ್ ಎಂದಿದ್ದ ಬೋರ್ಡು ಒಂದು ದಿನ ಶುಶ್ರೂಷಾಧಿಕಾರಿ ಎಂದಾಯಿತು. ಬೆಡ್‌ಪ್ಯಾನು ಮಾತ್ರ ಅಧಿಕಾರಿಯನ್ನು ಗುರುತಿಸಲೇ ಇಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕರುಣಾಮಯಿ ಎಂದರು, ತಾಯಿ ಎಂದರು, ಒಬ್ಬರಂತೂ ದೇವತೆ ಎಂದೇ ಕರೆದರು. ಇವಳಿಗೆ ಭಾಗಾಕಾರ ಬರುತ್ತಿತ್ತು ಎಂದು ಒಬ್ಬರೂ ಹೇಳಲಿಲ್ಲ. ಕರುಣೆಯಿಂದ ಯಾವ ರೋಗಿಯೂ ಸತ್ತದ್ದಿಲ್ಲ ನಿಜ. ಆದರೆ ಬರೀ ಕರುಣೆಯಿಂದ ಬದುಕಿದ್ದನ್ನೂ ನಾನು ಕಂಡಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನಲ್ಲಿ ದುಡಿದೆ. ಯಾವ ಘಟನೆ ಯಾವ ದವಾಖಾನೆಯದು ಎಂದು ಬರೆಯುವುದಿಲ್ಲ. ತಪ್ಪು ಮಾಡಿದವಳು ನಾನು, ಗೋಡೆಗಳಲ್ಲ.

ಮೊದಲು ಸಲೈನಿನ ಮಾತು. ಅರ್ಧ ಲೀಟರಿನ ಬಾಟಲಿ ನಾಲ್ಕು ತಾಸಿನಲ್ಲಿ ಹೋಗಬೇಕು ಎಂದು ಡಾಕ್ಟರು ಬರೆಯುತ್ತಾರೆ. ಇಷ್ಟು ಬರೆದು ಅವರು ಹೊರಟರು. ನಿಮಿಷಕ್ಕೆ ಎಷ್ಟು ಹನಿ ಎಂಬುದು ಸಿಸ್ಟರಿನ ತಲೆಬೇನೆ. ಆ ನಳಿಕೆಯಲ್ಲಿ ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿ. ಐದುನೂರು ಮಿಲಿಗೆ ಹತ್ತು ಸಾವಿರ ಹನಿ. ನಾಲ್ಕು ತಾಸಿಗೆ ಇನ್ನೂರ ನಲವತ್ತು ನಿಮಿಷ. ಭಾಗಿಸಿದರೆ ನಲವತ್ತೆರಡು ಹನಿ ಹತ್ತಿರ ಬರುತ್ತದೆ. ಗಡಿಯಾರ ನೋಡುತ್ತ ಹನಿ ಎಣಿಸಿ ನಳಿಕೆಯ ಚಕ್ರ ತಿರುಗಿಸಿ ಹೊಂದಿಸಬೇಕು. ನಮ್ಮ ವಾರ್ಡಿನ ಗಡಿಯಾರ ಯಾರೋ ದಾನಿಗಳು ಕೊಟ್ಟದ್ದು. ದಾನಿಗಳ ಹೆಸರು ಅಂಕಿಗಳಿಗಿಂತ ದೊಡ್ಡದಾಗಿತ್ತು. ಮುಳ್ಳು ನಿಂತು ವರ್ಷವಾಗಿದ್ದರೂ ಹೆಸರು ಚೆನ್ನಾಗಿ ಓಡುತ್ತಿತ್ತು. ನಾನು ಸ್ವಂತ ಕೈಗಡಿಯಾರ ಕೊಂಡೆ.

ಒಂದು ಮಧ್ಯಾಹ್ನ ದೇವಣಗಾಂವ ಕಡೆಯ ಮುದುಕರೊಬ್ಬರಿಗೆ ನಲವತ್ತೆರಡು ಹನಿ ಹೊಂದಿಸಿ ಪಕ್ಕದ ವಾರ್ಡಿಗೆ ಹೋದೆ. ಅರ್ಧ ತಾಸಿಗೆ ಬಂದು ನೋಡುತ್ತೇನೆ, ಹನಿಯ ಬದಲು ಧಾರೆ. ಬಾಟಲಿ ಮುಕ್ಕಾಲು ಖಾಲಿ. ಮುದುಕರು ಎದ್ದು ಕೂತು ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದಾರೆ. ಮೊದಲೇ ಹೃದಯ ಸೋತ ಮನುಷ್ಯ. ನಾನು ನಳಿಕೆ ಬಂದ್ ಮಾಡಿ ಡಾಕ್ಟರನ್ನು ಕೂಗಿದೆ. ಮಗ ಪಕ್ಕದಲ್ಲೇ ಗಂಟು ಕಟ್ಟಿಕೊಂಡು ನಿಂತಿದ್ದ. ಕೇಳಿದರೆ ಬಹಳ ಮರ್ಯಾದೆಯಿಂದ ಹೇಳಿದ: “ಐದರ ಬಸ್ ಐತ್ರಿ ಸಿಸ್ಟರ್. ಅದ ಕಡೀ ಬಸ್. ಅದಕ್ಕ ಒಂದೀಟ ಜೋರ ಬಿಟ್ಟೇನ್ರಿ.”

ಅವನ ಲೆಕ್ಕದಲ್ಲಿ ದೋಷವಿರಲಿಲ್ಲ. ಬಾಟಲಿ ಇಷ್ಟು, ಬಸ್ಸಿನ ವೇಳೆ ಇಷ್ಟು, ಹನಿ ಎಷ್ಟು? ನಾನೂ ಅದೇ ಮಾಡಿದ್ದೆ. ನನ್ನ ನಾಲ್ಕು ತಾಸಿನ ಬದಲು ಅವನು ಬಸ್ಸನ್ನು ಹಾಕಿದ್ದ. ಮುದುಕರು ಉಳಿದರು. ಆ ಬಸ್ಸಿಗೆ ಹೋಗಲಿಲ್ಲ, ನಾಲ್ಕು ದಿನ ಬಿಟ್ಟು ಬೇರೆ ಬಸ್ಸಿಗೆ ಹೋದರು. ಅವತ್ತಿನಿಂದ ನಾನು ಬಾಟಲಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ ಒಂದು ಗಂಟೆಗೆ ಇಲ್ಲಿ, ಎರಡಕ್ಕೆ ಇಲ್ಲಿ ಎಂದು ಗೆರೆ ಎಳೆಯತೊಡಗಿದೆ. ಮೇಲಿನವರೊಬ್ಬರು ತಪಾಸಣೆಗೆ ಬಂದಾಗ, ಬಾಟಲಿ ಅಸಹ್ಯ ಕಾಣುತ್ತದೆ, ತೆಗೆಯಿರಿ ಎಂದರು. ಅವರು ಹೋದ ಮೇಲೆ ಮತ್ತೆ ಅಂಟಿಸಿದೆ.

ಈಗ ಹನಿ ಎಣಿಸಲು ಯಂತ್ರ ಬಂದಿದೆ. ಅಂಕಿ ಒತ್ತಿದರೆ ಸಾಕು, ಅದೇ ಬಿಡುತ್ತದೆ. ಹೊಸ ಮಕ್ಕಳು ಇನ್ನು ಲೆಕ್ಕ ಬೇಕಿಲ್ಲ ಎನ್ನುತ್ತಾರೆ. ನಲವತ್ತೆರಡಕ್ಕೆ ನಾನೂರಿಪ್ಪತ್ತು ಒತ್ತಿ ನೋಡಿರಿ, ಅಷ್ಟೇ ಶ್ರದ್ಧೆಯಿಂದ ಬಿಡುತ್ತದೆ. ಅದಕ್ಕೆ ಬುದ್ಧಿ ಇಲ್ಲ, ವಿಧೇಯತೆ ಮಾತ್ರ ಇದೆ. ಅಂಥವರು ನಮ್ಮ ಇಲಾಖೆಯಲ್ಲಿ ಯಂತ್ರ ಬರುವ ಮೊದಲೂ ಇದ್ದರು.

ಇನ್ನು ನಮ್ಮ ಗಣಿತದ ಮಾಸ್ತರರ ಸಂಗತಿ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅವರು ನಮ್ಮ ಅಪ್ಪನನ್ನು ಕರೆಸಿ, ಈ ಹುಡುಗಿಗೆ ಗಣಿತ ಹತ್ತುವುದಿಲ್ಲ, ಸಿಸ್ಟರ್ ಮಾಡಿರಿ, ಅಲ್ಲಿ ತಲೆ ಬೇಕಿಲ್ಲ, ಕೈ ಕಾಲು ಸಾಕು ಎಂದು ಸಲಹೆ ಕೊಟ್ಟಿದ್ದರು. ನನ್ನ ವೃತ್ತಿಗೆ ಅವರೇ ಕಾರಣ, ಅದಕ್ಕೆ ನಾನು ಋಣಿ. ನನ್ನ ಮುತ್ಯಾ ಮಾತ್ರ ಒಪ್ಪಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂಡಿಸಿ ಕಾಲು, ಅರೆ, ಮುಕ್ಕಾಲರ ಮಗ್ಗಿ ಹೇಳಿಸುತ್ತಿದ್ದ. ಯಾಕೆ ಎಂದರೆ, “ಜೀವ ಪೂರಾ ಅಂಕಿಯೊಳಗ ಬರೂದಿಲ್ಲವಾ, ಮುಕ್ಕಾಲು ಪಾವಿನಾಗ ಬರ್ತೈತಿ” ಎನ್ನುತ್ತಿದ್ದ. ಆಗ ತಿಳಿಯಲಿಲ್ಲ. ಒಂದು ಮುಕ್ಕಾಲು ಮಿಲಿ ಎಂದು ಸಿರಿಂಜಿನಲ್ಲಿ ಎಳೆಯುವ ದಿನ ತಿಳಿಯಿತು.

ವರ್ಷಗಳು ಕಳೆದು, ಅದೇ ಮಾಸ್ತರರು ಸಕ್ಕರೆ ಕಾಯಿಲೆಯಿಂದ ನನ್ನ ವಾರ್ಡಿಗೆ ಬಂದರು. ದಿನಾ ಇಪ್ಪತ್ತು ಯುನಿಟ್ ಇನ್ಸುಲಿನ್ ತಾವೇ ಚುಚ್ಚಿಕೊಳ್ಳುತ್ತಿದ್ದರು, ಸಕ್ಕರೆ ಇಳಿಯುತ್ತಿರಲಿಲ್ಲ. ಅದಕ್ಕೆ ಡಾಕ್ಟರನ್ನು ಬೈದರು, ಕಂಪನಿಯನ್ನು ಬೈದರು, ಮನೆಯವರ ಅಡಿಗೆಯನ್ನಂತೂ ದಿನಕ್ಕೆ ಎರಡು ಸಲ ಬೈದರು. ನಾನು ಚೀಲ ತೆಗೆಸಿ ನೋಡಿದೆ. ಬಾಟಲಿ, ಒಂದು ಮಿಲಿಗೆ ನಲವತ್ತು ಯುನಿಟ್ ಇರುವಂಥದ್ದು. ಸಿರಿಂಜು, ಒಂದು ಮಿಲಿಯನ್ನು ನೂರು ಗೆರೆ ಮಾಡಿದ್ದು, ಬೇರೆ ಬಾಟಲಿಗೆಂದು ಬಂದದ್ದು. ಇವರು ಆ ನೂರರಲ್ಲಿ ಇಪ್ಪತ್ತನೆಯ ಗೆರೆಯತನಕ ಎಳೆಯುತ್ತಿದ್ದರು.

“ಮಾಸ್ತರ, ನೂರು ಗೆರಿಗೆ ನಲವತ್ತು ಯುನಿಟ್. ಹಂಗಾದ್ರ ಇಪ್ಪತ್ತು ಗೆರಿಗೆ ಎಷ್ಟ್ರಿ?”

ಅವರು ಕಣ್ಣು ಮುಚ್ಚಿ, ಬೆರಳು ಆಡಿಸಿ, ಸಾಲಿಯ ದನಿಯಲ್ಲಿ ಎಂಟು ಎಂದರು. ಎಂದವರು ಕಣ್ಣು ತೆರೆಯಲಿಲ್ಲ. ಇಪ್ಪತ್ತರ ಬದಲು ಎಂಟು, ಅದೂ ಏಳು ತಿಂಗಳಿಂದ. ಕಣ್ಣು ಮುಚ್ಚಿಕೊಂಡೇ, “ನಿನಗ ತ್ರೈರಾಶಿ ಯಾರವಾ ಕಲಿಸಿದವರು?” ಎಂದು ಕೇಳಿದರು.

“ನೀವ ಅಲ್ಲೇನ್ರಿ” ಎಂದೆ. ಅವರ ಮನೆಯವರು ಎದುರಿಗೇ ಇದ್ದರು, ಅದಕ್ಕಿಂತ ಬೇರೆ ಏನು ಹೇಳಲಿ?

ನಿಜಕ್ಕೂ ಕಲಿಸಿದವರು ತರಬೇತಿ ಮುಗಿಸಿ ಬಂದಾಗ ನನ್ನ ಮೇಲಿದ್ದ ಹಿರಿಯ ಸಿಸ್ಟರ್ ಸುಮಿತ್ರಾಬಾಯಿ. ಗಾಜಿನ ಸಿರಿಂಜು ಕುದಿಸಿ ಬಳಸುವ ಕಾಲದವರು. ಈ ಕೆಲಸಕ್ಕೆ ಬೇಕಾದ ಗಣಿತವೆಲ್ಲ ತ್ರೈರಾಶಿ, ಮೂರು ಗೊತ್ತು, ನಾಲ್ಕನೆಯದು ಹುಡುಕು, ಅಷ್ಟೇ ಎನ್ನುತ್ತಿದ್ದರು. ಅದನ್ನು ಅಷ್ಟು ಚೆನ್ನಾಗಿ ಕಲಿತೆ ಎಂದರೆ ನನಗೆ ಸೊಕ್ಕು ಬಂತು. ಡಾಕ್ಟರು ಬರೆದು ಮುಗಿಸುವ ಮೊದಲೇ ಮಿಲಿ ಹೇಳಿಬಿಡುತ್ತಿದ್ದೆ. ಆ ಸೊಕ್ಕು ಇಳಿದ ದಿನದ ಕಥೆ ಇದು. ಪೂಜಾಳಿಗೆ ಇದನ್ನು ಸೋಮವಾರ ಹೇಳಿದೆ, ಹುಸೇನಬಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು. ಅವಳು ಇಲ್ಲದಿದ್ದರೆ ನಾನು ಸ್ವಲ್ಪ ಬಣ್ಣ ಹಚ್ಚಿ ಹೇಳಿಬಿಡುತ್ತೇನೆಂಬ ಭಯ ನನಗೇ ಇತ್ತು.

ಒಂದೂವರೆ ವರ್ಷದ ಗಂಡು ಕೂಸು. ಜ್ವರ, ಎದೆ ಗುಳುಗುಳು ಅನ್ನುತ್ತಿತ್ತು. ತಾಯಿ ಸಣ್ಣವಳು, ಮಾತಾಡುವವಳು ಅಜ್ಜಿ. ನಮ್ಮ ಕೂಸಿನ ತಕ್ಕಡಿಯ ಬುಟ್ಟಿ ಮುರಿದು ರಿಪೇರಿಗೆ ಹೋಗಿತ್ತು. ರಿಪೇರಿಗೆ ಹೋದ ಸರ್ಕಾರಿ ಸಾಮಾನು ತೀರ್ಥಯಾತ್ರೆಗೆ ಹೋದ ಹಾಗೆ, ಬರುವ ದಿನ ಕೇಳಬಾರದು. ದೊಡ್ಡವರ ತಕ್ಕಡಿ ಮೂಲೆಯಲ್ಲಿತ್ತು. ತಾಯಿ ಕೂಸನ್ನು ಎತ್ತಿಕೊಂಡು ನಿಲ್ಲಲಿ ಎಂದೆ. ಅಜ್ಜಿ ಅಡ್ಡ ಬಂದಳು.

“ಬ್ಯಾಡ್ರಿ ಸಿಸ್ಟರ್. ಹೋದ ಸೋಮವಾರನ ದೇವರ ಮುಂದ ತೂಗೇವ್ರಿ. ಹರಕಿ ತೂಗಿದ ಕೂಸನ್ನ ಮಂದಿ ಮುಂದ ಮತ್ತ ತೂಗಬಾರದ್ರಿ, ಕಣ್ಣ ಬೀಳ್ತೈತಿ. ಹದಿನಾಲ್ಕು ಕಿಲೋ ಬಂದೈತಿ, ಬರಕೋರಿ.”

ಬರೆದುಕೊಂಡೆ. ಹೊರಗೆ ಸಾಲು ಬೆಳೆದಿತ್ತು, ಒಂದು ಅಂಕಿ ಪುಕ್ಕಟೆ ಸಿಕ್ಕಿತ್ತು, ಅದೂ ದೇವರ ಮುಂದೆ ತೂಗಿದ್ದು. ಔಷಧ ಒಂದು ಕಿಲೋಕ್ಕೆ ಐದು ಮಿಲಿಗ್ರಾಂ. ಹದಿನಾಲ್ಕೈದಲೆ ಎಪ್ಪತ್ತು. ಎರಡು ಮಿಲಿಯ ಶೀಶೆಯಲ್ಲಿ ಎಂಬತ್ತು ಮಿಲಿಗ್ರಾಂ, ಅಂದರೆ ಒಂದು ಮಿಲಿಗೆ ನಲವತ್ತು. ಎಪ್ಪತ್ತಕ್ಕೆ ಒಂದು ಮುಕ್ಕಾಲು ಮಿಲಿ. ಮುತ್ಯಾನ ಮಗ್ಗಿ ಕೈಕೊಡಲಿಲ್ಲ. ಬೆಳಿಗ್ಗೆಯ ಸೂಜಿ ಕೊಟ್ಟೆ. ಲೆಕ್ಕ ನೂರಕ್ಕೆ ನೂರು ಸರಿ. ಕೂಸು ಮಾತ್ರ ತಪ್ಪು.

ಸಂಜೆಯ ಸೂಜಿಗೂ ಅಷ್ಟೇ ಎಳೆದು ಟ್ರೇ ಹಿಡಿದು ಬಂದೆ. ಹಾಸಿಗೆ ಬದಲಿಸಲೆಂದು ಹುಸೇನಬಿ ಕೂಸನ್ನು ಕಂಕುಳಿಗೆ ಎತ್ತಿಕೊಂಡು ನಿಂತಿದ್ದಳು. ಅವಳ ಅಪ್ಪ ಸಂತೆಯಲ್ಲಿ ಆಡು ಮಾರುತ್ತಿದ್ದವನು. ಸಣ್ಣವಳಿದ್ದಾಗಿನಿಂದ ಮರಿಗಳನ್ನು ಎತ್ತಿ ನೋಡಿ ತೂಕ ಹೇಳುವುದು ಅವಳ ಕೆಲಸವಾಗಿತ್ತು.

“ಸಿಸ್ಟರ್ರ, ಇದರ ತೂಕ ಎಷ್ಟ ಬರದೀರಿ?”

ಹದಿನಾಲ್ಕು ಎಂದೆ.

ಅವಳು ಕೂಸನ್ನು ಒಮ್ಮೆ ಮೇಲೆ ಸರಿಸಿ ನೋಡಿಕೊಂಡಳು. “ಹದಿನಾಲ್ಕು ಆಗಿದ್ರ ನನ್ನ ನಡಾ ಹೇಳ್ತಿತ್ರಿ. ಇದು ಒಂಬತ್ತರ ಮ್ಯಾಲಿಲ್ಲ.”

ಆಗ ಅವಳ ಮೇಲೆ ಸಿಟ್ಟು ಬಂತೆಂದು ಹೇಳದಿದ್ದರೆ ಸುಳ್ಳಾಗುತ್ತದೆ. ತ್ರೈರಾಶಿ ಕಲಿತವಳಿಗೆ ಆಡಿನ ಲೆಕ್ಕ ಹೇಳುತ್ತಾಳಲ್ಲ ಎಂದು. ಬಾಯಿ ಮುಚ್ಚಿಸಲೆಂದೇ, ಹಾಗಾದರೆ ತಕ್ಕಡಿ ಹತ್ತು ಎಂದೆ. ಅಜ್ಜಿ ಚಹಾಕ್ಕೆ ಹೋಗಿದ್ದಳು. ಹುಸೇನಬಿ ಕೂಸಿನ ಸಮೇತ ದೊಡ್ಡವರ ತಕ್ಕಡಿ ಹತ್ತಿದಳು, ಐವತ್ತೆಂಟು. ಕೂಸನ್ನು ತಾಯಿಗೆ ಕೊಟ್ಟು ಒಬ್ಬಳೇ ಹತ್ತಿದಳು, ನಲವತ್ತೊಂಬತ್ತು. ಎರಡನೆಯ ತರಗತಿಯ ಕಳೆಯುವ ಲೆಕ್ಕ. ಎಳೆದು ತಂದಿದ್ದ ಸಂಜೆಯ ಔಷಧವನ್ನು ಮೋರಿಗೆ ಚೆಲ್ಲಿದೆ.

ಕೊಡಬೇಕಾದದ್ದು ನಲವತ್ತೈದು, ಬೆಳಿಗ್ಗೆ ಕೊಟ್ಟದ್ದು ಎಪ್ಪತ್ತು. ಮಿತಿ ಮೀರಿದರೆ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡುವ ಔಷಧ ಅದು.

ಐದು ಕಿಲೋ ಎಲ್ಲಿಂದ ಬಂತು ಎಂದು ನಾನು ಯಾರನ್ನೂ ಕೇಳಬೇಕಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ಇದೇ ಮಲ್ಲಣ್ಣನನ್ನು ಕೂಸಿದ್ದಾಗ ಬೆಲ್ಲದಲ್ಲಿ ತೂಗಿದ್ದನ್ನು ನಾನು ಕಣ್ಣಾರೆ ಕಂಡವಳು. ತಕ್ಕಡಿಯ ಒಂದು ಪರಡಿಯಲ್ಲಿ ಕೂಸು, ಬೆಳ್ಳಿ ಉಡದಾರ, ಕಡಗ, ಕುಲಾಯಿ, ಕೆಳಗೆ ಮಡಿಸಿದ ಕೌದಿ. ಇನ್ನೊಂದರಲ್ಲಿ ಬೆಲ್ಲ. ಸರಿಸಮ ಬಂದರೆ ಸಾಲದು, ದೇವರಿಗೆ ಕಡಿಮೆ ಬೀಳಬಾರದು, ಬೆಲ್ಲದ ಪರಡಿ ನೆಲ ಮುಟ್ಟಬೇಕು. ಸೋದರಮಾವ ಬೆಲ್ಲದ ಒಂದು ಪೆಂಟಿ, ಅಂದರೆ ಅಚ್ಚು, ಹಾಕುತ್ತಾನೆ, ಮಂದಿ ಇನ್ನೊಂದು ಎನ್ನುತ್ತಾರೆ, ಅವನು ಮರ್ಯಾದೆಗೆ ಮತ್ತೊಂದು ಹಾಕುತ್ತಾನೆ. ಕಡೆಗೆ ಬೆಲ್ಲವನ್ನಷ್ಟೇ ತೂಗಿ ಊರೆಲ್ಲ ಹೇಳುತ್ತಾರೆ, ಕೂಸು ಇಷ್ಟು ಕಿಲೋ ಬಂತು ಎಂದು. ಅದರಲ್ಲಿ ಕೂಸಿಗಿಂತ ಮಾವನ ಭಕ್ತಿ ಹೆಚ್ಚು ತೂಗಿರುತ್ತದೆ. ಆ ಬೆಲ್ಲ ತಿಂದು ಬೆಳೆದವಳು ನಾನು. ದಕ್ಷಿಣದಿಂದ ಬಂದ ಸಿಸ್ಟರ್ ಮೋಸ ಹೋದರೆ ಕ್ಷಮೆ ಇದೆ, ನನಗೆ ಎಲ್ಲಿತ್ತು?

ಡಾಕ್ಟರು ಹೊಸಬರು. ಹೇಳಿದ ಕೂಡಲೇ ಹಿರಿಯ ಸಿಸ್ಟರನ್ನು ಕರೆಸಿದರು. ಸುಮಿತ್ರಾಬಾಯಿ ಬಂದರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಕೆಂಪು ಪೆನ್ನು ಕೊಟ್ಟು, “ತಪ್ಪ ಮಾಡಿದ ಕೈಲೆನ ಬರಿ” ಎಂದರು. ತೂಕ ತೂಗದೆ ಬರೆದೆ, ಹೆಚ್ಚು ಔಷಧ ಕೊಟ್ಟೆ ಎಂದು ಬರೆದು ಸಹಿ ಮಾಡಿದೆ. ಆ ಕಾಗದದ ಮುಂದೆ ನನ್ನ ಎಲ್ಲ ಪ್ರಶಸ್ತಿ ಪತ್ರಗಳು ಸಪ್ಪೆ.

ಮುಂದಿನ ಎರಡು ದಿನ ನಾನು ಮಾಡಿದ ಗಣಿತವೆಂದರೆ ಒದ್ದೆ ಬಟ್ಟೆ ಎಣಿಸುವುದು. ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಬೇಕಿತ್ತು. ಒಂದೊಂದು ಬಟ್ಟೆ ಒದ್ದೆಯಾದಾಗಲೂ ನನಗೆ ಹಬ್ಬ. ಮೂರನೆಯ ದಿನ ಹುಸೇನಬಿ ಕೂಸಿನ ಬೆನ್ನ ಹಿಂದೆ ನಿಂತು ಒಂದು ಸ್ಟೀಲ್ ತಾಟನ್ನು ನೆಲಕ್ಕೆ ಬಿಟ್ಟಳು. ಕೂಸು ಬೆಚ್ಚಿ ತಿರುಗಿ ವಾರ್ಡು ಹಾರಿಹೋಗುವಂತೆ ಅತ್ತಿತು. “ಕಿವಿ ಪಾಸ್ ಆದ್ವರಿ” ಎಂದಳು. ನಾನು ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನೇ ಕರುಣೆಯಿಂದ ನೋಡಿದಳು. “ಹರಕಿ ಬೆಲ್ಲದ್ದು ಎಷ್ಟಿತ್ತೋ ಅಷ್ಟ ಹೇಳೇನ್ರಿ. ಕೂಸಿನ ತೂಕ ನಿಮಗ ಗೊತ್ತಿರಬೇಕಲ್ರಿ, ಕಲತವರು ನೀವು.”

ಕಥೆ ಮುಗಿದಾಗ ಪೂಜಾ ಕಂಬ ಬಿಟ್ಟು ಈಚೆ ಬಂದಿದ್ದಳು. ಇದಕ್ಕೆ ಸೂತ್ರ ಯಾವುದು ಅತ್ತಿ ಎಂದು ಕೇಳಲಿಲ್ಲ. ಹುಸೇನಬಿಯ ಕೈಯನ್ನೇ ನೋಡುತ್ತಿದ್ದಳು.

ಸೋಮವಾರ ಮಧ್ಯಾಹ್ನದಿಂದ ನಮ್ಮ ಶಾಲೆ ಶುರುವಾಯಿತು. ಮನೆಯ ಚಮಚಗಳನ್ನೆಲ್ಲ ಔಷಧದ ಅಳತೆ ಮುಚ್ಚಳಕ್ಕೆ ಸುರಿದು ನೋಡಿದೆವು, ಎರಡು ಚಮಚ ಒಂದೇ ಅಳತೆಯವು ಸಿಗಲಿಲ್ಲ. ಜೋಳದ ಚೀಲ, ನೀರಿನ ತಂಬಿಗೆ, ಪಕ್ಕದ ಮನೆಯ ಬೆಕ್ಕು, ಸಿಕ್ಕದ್ದನ್ನೆಲ್ಲ ಪೂಜಾ ಎತ್ತಿ ಅಂದಾಜು ಹೇಳಬೇಕು, ಆಮೇಲೆ ತೂಗಬೇಕು. ಗ್ರಾಮನ್ನು ಮಿಲಿಗ್ರಾಂ ಮಾಡುವಾಗ ಸೊನ್ನೆ ಮೂರೇ ಎಂದು ಬೆರಳ ಗೆಣ್ಣಿನ ಮೇಲೆ ಹೇಳಿಸಿದೆ. ಉತ್ತರ ಬಂದ ಮೇಲೆ ಅದನ್ನು ಹುಸೇನಬಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅವಳದು ಒಂದೇ ಪ್ರಶ್ನೆ: “ಇದನ್ನ ನನಗ ಕೊಡ್ತಿಯೇನವಾ?” ಮಂಗಳವಾರ ಪೂಜಾ ಅವಳಿಗೆ ಎರಡು ಲೀಟರ್ ಕೆಮ್ಮಿನ ಔಷಧ ಕುಡಿಸಹೊರಟಿದ್ದಳು. ಹುಸೇನಬಿ ಪ್ರಶ್ನೆ ಕೇಳಿದಳು. ಪೂಜಾ ತಾನೇ ಹೊಡೆದುಹಾಕಿ ಮತ್ತೆ ಮಾಡಿದಳು. ಬುಧವಾರ ಸಂಜೆಗೆ ಹತ್ತಕ್ಕೆ ಹತ್ತು.

ಗುರುವಾರ ಪರೀಕ್ಷೆ ಬರೆದಳು. ಶುಕ್ರವಾರ ಸಂಜೆ ಫೋನಿನಲ್ಲಿ ಮೊದಲು ಬರೀ ಅಳು, ಆಮೇಲೆ ಮಾತು. ಎಂಟು ಸರಿ. ಒಂದನ್ನು ಭಾಗಾಕಾರದ ಅವಸರದಲ್ಲಿ ಕೆಡಿಸಿಕೊಂಡಿದ್ದಳು. ಹತ್ತನೆಯದಕ್ಕೆ ಸೊನ್ನೆ. ಅದರಲ್ಲಿ ಎರಡು ವರ್ಷದ ಕೂಸು, ತೂಕ ಮೂವತ್ತು ಕಿಲೋ, ಕಿಲೋಕ್ಕೆ ಹತ್ತು ಮಿಲಿಗ್ರಾಂ, ಎಷ್ಟು ಔಷಧ ಕೊಡುತ್ತೀರಿ ಎಂದು ಕೇಳಿದ್ದರು. ಲೆಕ್ಕ ಸುಲಭವಾಗಲೆಂದು ಪತ್ರಿಕೆ ತೆಗೆದ ಮೇಡಮ್ಮನವರು ಕೂಸನ್ನು ದಪ್ಪ ಮಾಡಿದ್ದರು. ಉಳಿದ ಮಕ್ಕಳೆಲ್ಲ ಮುನ್ನೂರು ಎಂದು ಬರೆದು ಅಂಕ ತೆಗೆದುಕೊಂಡರು. ಪೂಜಾ ಬರೆದದ್ದು: ಎರಡು ವರ್ಷದ ಕೂಸು ಮೂವತ್ತು ಕಿಲೋ ಇರುವುದಿಲ್ಲ. ಮತ್ತೆ ತೂಗಿ ನೋಡುವತನಕ ಔಷಧ ಕೊಡುವುದಿಲ್ಲ.

ಮಲ್ಲಣ್ಣ ಫೋನು ಕಸಿದುಕೊಂಡ. “ನಿನ್ನ ಬೆಲ್ಲದ ಕತಿ ಕೇಳಿ ನನ್ನ ಮಗಳು ಫೇಲಾದ್ಳು ನೋಡಕ್ಕಾ. ಮುನ್ನೂರಂತ ಬರದಿದ್ರ ಏನ ಹೋಗ್ತಿತ್ತು?” ಸರಿ ಉತ್ತರವನ್ನು ಒಂದು ಕೂಸಿಗೆ ಸೂಜಿ ಚುಚ್ಚಿದ ಮೇಲೆ ಕಲಿತವಳು ನಾನು, ಅದನ್ನು ನಾಲ್ಕು ದಿನದಲ್ಲಿ ಕಲಿತದ್ದಕ್ಕೆ ಹುಡುಗಿಗೆ ವರ್ಷ ಹೋಗಬೇಕೇ?

ಪೂಜಾ ಮತ್ತೆ ಫೋನು ತೆಗೆದುಕೊಂಡಳು. ಹೋಗಿ ಮೇಡಮ್ಮನವರ ಕಾಲು ಹಿಡಿಯಲೇ ಎಂದು ಕೇಳಿದಳು. ಬೇಡ, ಪತ್ರಿಕೆ ಹಿಡಿದು ಹೋಗು, ಹುಸೇನಬಿಯ ಪ್ರಶ್ನೆ ಒಂದನ್ನೇ ಕೇಳಿ ಸುಮ್ಮನೆ ನಿಲ್ಲು ಎಂದೆ.

ಶನಿವಾರ ಅವಳು ಹೋದಳು. “ಮೇಡಮ್, ಇದನ್ನ ನೀವು ಕೊಡ್ತಿದ್ರೇನ್ರಿ?” ಎಂದು ಕೇಳಿದಳಂತೆ. ಮೇಡಮ್ಮನವರು ಪ್ರಶ್ನೆಯನ್ನು ಒಮ್ಮೆ, ಉತ್ತರವನ್ನು ಎರಡು ಸಲ ಓದಿದರಂತೆ. ಪತ್ರಿಕೆ ಇಟ್ಟುಕೊಂಡು, ಸೋಮವಾರ ಬಾ ಎಂದು ಕಳಿಸಿದರಂತೆ.

ಸೋಮವಾರ ಕಾಲೇಜಿನ ಬೋರ್ಡಿಗೆ ವಾರ್ಡಿನ ಪಟ್ಟಿ ಹಚ್ಚಿದ್ದರು. ಎಲ್ಲರ ಹೆಸರು ಟೈಪ್ ಆಗಿತ್ತು. ಕೊನೆಯಲ್ಲಿ ಒಂದು ಹೆಸರನ್ನು ಪೆನ್ನಿನಲ್ಲಿ ಸೇರಿಸಿದ್ದರು: ಪೂಜಾ, ಮಕ್ಕಳ ವಾರ್ಡು. ಮರುದಿನ ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಹೋದಳು. ಅಲ್ಲಿಯ ಸಿಸ್ಟರು ಅವಳಿಗೆ ಮೊದಲು ಕೊಟ್ಟ ಕೆಲಸ, ಕೂಸಿನ ತಕ್ಕಡಿಯನ್ನು ಒರೆಸಿ ಮುಳ್ಳನ್ನು ಸೊನ್ನೆಗೆ ತರುವುದು.